ಟೀಚರಮ್ಮನ ಓದುದಿಂಬು

ನಮ್ಮತ್ತೆ ತೀರಿಕೊಂಡಾಗ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು: ಇರುವೆಗೂ ನೋವು ಮಾಡಿದವರಲ್ಲ. ನಾನು ತಲೆಯಾಡಿಸಿದೆ. ಇರುವೆಯ ವಿಷಯದಲ್ಲಿ ಅದು ನಿಜ. ಸ್ವಂತ ಅಕ್ಕನಿಗೆ ಅವರು ನಾಲ್ಕು ತಿಂಗಳು ಏನು ಮಾಡಿದರು ಅನ್ನುವುದನ್ನು ಕಣ್ಣಾರೆ ಕಂಡವಳು ನಾನೊಬ್ಬಳೇ. ಕಂಡೂ ಬಾಯಿಗೆ ಬೀಗ ಹಾಕಿಕೊಂಡವಳೂ ನಾನೇ. ಹೋದವರ ಬಗ್ಗೆ ಒಳ್ಳೆಯದನ್ನಷ್ಟೇ ಕೇಳಬೇಕು ಅನ್ನುವವರು ಇಲ್ಲಿಗೇ ಎದ್ದು ಹೋಗಬಹುದು, ನನಗೇನೂ ಬೇಜಾರಿಲ್ಲ.

ಅತ್ತೆ ಕುಳ್ಳಗೆ, ದುಂಡಗೆ ಇದ್ದರು. ಬಾಯಲ್ಲಿ ಸದಾ ಎರಡು ಗುಂಡುಪಿನ್ನು. ಪಿನ್ನು ಕಚ್ಚಿಕೊಂಡೇ ಮಾತಾಡುವರು, ನಗುವರು, ನನ್ನನ್ನು ಬೈಯುವರು. ಎಲ್ಲಿ ನುಂಗಿಬಿಡುತ್ತಾರೋ ಅಂತ ಮದುವೆಯಾದ ಹೊಸತರಲ್ಲಿ ನನಗೆ ಜೀವ ಹೋಗುತ್ತಿತ್ತು, ಆಮೇಲೆ ಅಭ್ಯಾಸವಾಯಿತು. ಬೀದಿಗೆ ಬಾಗಿಲಿದ್ದ ಮುಂದಿನ ಕೋಣೆಯೇ ಅವರ ಅಂಗಡಿ. ಎರಡು ಹೊಲಿಗೆ ಮೆಷಿನ್ನು, ಒಂದು ಉದ್ದನೆಯ ಮೇಜು, ಗೋಡೆಗೆ ಬಟ್ಟೆಯ ಸುರುಳಿಗಳು. ಮೊದಲು ಅವರು ಹೊಲಿಯುತ್ತಿದ್ದುದು ಕಿಟಕಿಯ ಪರದೆ ಮತ್ತು ಸೋಫಾದ ಕವರು. ಎದುರುಮನೆಯ ರಿಟೈರಾದ ಪೋಸ್ಟ್‌ಮಾಸ್ಟರು ಒಂದು ದಿನ ಬಂದು, ‘ಪುಸ್ತಕ ಹಿಡಿದರೆ ಮಣಿಕಟ್ಟು ನೋಯುತ್ತೆ, ಬಿಟ್ಟರೆ ಹೊತ್ತು ಹೋಗಲ್ಲ, ಏನಾದ್ರೂ ಮಾಡಿ’ ಅಂದರು. ಅತ್ತೆ ಸೋಫಾ ಬಟ್ಟೆಯ ಉಳಿಕೆಯಲ್ಲಿ ಒಂದು ದಿಂಬು ಹೊಲಿದುಕೊಟ್ಟರು. ಅದೇ ಶುರು. ಎರಡು ವರ್ಷದಲ್ಲಿ ಪರದೆ ಹೊಲಿಯಲು ಪುರುಸೊತ್ತೇ ಇಲ್ಲದ ಹಾಗಾಯಿತು.

ಓದುದಿಂಬು ಅಂತ ಹೆಸರಿಟ್ಟವರು ಅತ್ತೆಯೇ. ಒಂದು ಕಡೆ ಎತ್ತರ, ಇನ್ನೊಂದು ಕಡೆ ತಗ್ಗು. ತೊಡೆಯ ಮೇಲೆ ಅಲುಗದೆ ಕೂರುವಂತೆ ಅಡಿಯಲ್ಲೊಂದು ಹಳ್ಳ. ಪುಸ್ತಕ ಜಾರದಂತೆ ಕೆಳಗೆ ದಪ್ಪನೆಯ ಅಂಚು, ಹಾಳೆ ಮಗುಚದಂತೆ ಎರಡು ಎಲಾಸ್ಟಿಕ್ ಪಟ್ಟಿ, ಪಕ್ಕದಲ್ಲಿ ಕನ್ನಡಕಕ್ಕೊಂದು ಜೇಬು. ಟ್ಯಾಬಿನಲ್ಲಿ ಓದುವವರಾದರೆ ಚಾರ್ಜರಿನ ವೈರು ತೂರಲು ಅಂಚಿನಲ್ಲೊಂದು ಕಾಜಾ. ಹೊಟ್ಟೆಗೆ ಸ್ಪಂಜಿನ ಚೂರು ಮತ್ತು ಥರ್ಮಾಕೋಲಿನ ಸಣ್ಣ ಗುಂಡು ಬೆರೆಸಿ ತುಂಬಬೇಕು. ತುಂಬಿದ ಮೇಲೆ ಅಡಿಯ ಬಾಯನ್ನು ಕೈಯಲ್ಲೇ ಹೊಲಿದು ಮುಚ್ಚಬೇಕು. ಅತ್ತೆ ಮುಚ್ಚಿದರೆ ಹೊಲಿಗೆ ಎಲ್ಲಿದೆ ಅಂತ ದೀಪ ಹಿಡಿದು ಹುಡುಕಿದರೂ ಸಿಗುತ್ತಿರಲಿಲ್ಲ. ನಾನು ಮುಚ್ಚಿದ್ದು ಮಾತ್ರ ಆಪರೇಷನ್ ಆದ ಹೊಟ್ಟೆಯ ಹಾಗೆ ಕಾಣುತ್ತಿತ್ತು.

ಆದರೆ ಅತ್ತೆಯ ನಿಜವಾದ ಜಾಣತನ ಇದ್ದದ್ದು ಅಳತೆಯಲ್ಲಿ. ಟೇಪು ಕಂಡದ್ದೇ ತಡ, ವಯಸ್ಸಾದವರೆಲ್ಲ ನೆಟ್ಟಗಾಗಿಬಿಡುತ್ತಾರೆ. ಬೆನ್ನು ನೇರ, ಗದ್ದ ಮೇಲೆ, ಹೊಟ್ಟೆ ಒಳಗೆ. ಪೋಸ್ಟ್‌ಮಾಸ್ಟರಂತೂ ಉಸಿರು ಬಿಗಿಹಿಡಿದು ಮುಖವೆಲ್ಲ ಕೆಂಪಗೆ ಮಾಡಿಕೊಂಡು ಕೂತಿದ್ದರಂತೆ. ಆ ಅಳತೆಗೆ ಹೊಲಿದರೆ ದಿಂಬು ಎರಡಂಗುಲ ಎತ್ತರವಾಗಿ ಗಂಟಲಿಗೇ ಬರುತ್ತದೆ. ಅವರ ಮೊದಲ ದಿಂಬು ಹಾಗೇ ಕೆಟ್ಟಿತು. ಅವತ್ತಿನಿಂದ ಅತ್ತೆ ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಕೈಗೊಂದು ಪುಸ್ತಕ ಕೊಟ್ಟು, ‘ಓದ್ತಾ ಇರಿ, ಟೇಪು ಹುಡುಕಿಕೊಂಡು ಬರ್ತೀನಿ’ ಅಂತ ಒಳಗೆ ಹೋಗಿಬಿಡುತ್ತಿದ್ದರು. ಟೇಪು ಅವರ ಕೊರಳಲ್ಲೇ ನೇತಾಡುತ್ತಿತ್ತು. ಮೂರನೆಯ ಪುಟಕ್ಕೆ ಬೆನ್ನು ತಾನಾಗಿ ಬಾಗುತ್ತದೆ, ಭುಜ ಇಳಿಯುತ್ತದೆ, ಮನುಷ್ಯ ತನ್ನ ನಿಜವಾದ ವಯಸ್ಸಿಗೆ ಬಂದು ಕೂರುತ್ತಾನೆ. ಆಗ ಮೆಲ್ಲಗೆ ಬಂದು ತೊಡೆಯಿಂದ ಮೊಣಕೈಗೆ ಎಷ್ಟು, ಮೊಣಕೈಯಿಂದ ಕಣ್ಣಿಗೆ ಎಷ್ಟು ಅಂತ ಅಳೆಯುವರು.

ಇಷ್ಟಾದರೂ ಒಮ್ಮೊಮ್ಮೆ ತಪ್ಪುತ್ತಿತ್ತು. ಅದಕ್ಕೆ ಅತ್ತೆ ತಲೆ ಕೆಡಿಸಿಕೊಂಡವರಲ್ಲ. ‘ಹೊಂದದಿದ್ರೆ ತಿರುಗಿ ಬರ್ತಾರೆ ಕಣೇ. ಹೊಲಿಸಿಕೊಂಡವರು ಎಲ್ಲಿಗೆ ಹೋಗ್ತಾರೆ?’ ಅನ್ನುವರು. ನಿಜವೇ. ನಲವತ್ತು ವರ್ಷದ ಹೊಲಿಗೆಯಲ್ಲಿ, ಬಿಗಿಯಾಯಿತು ಅಂತಲೋ ಸಡಿಲವಾಯಿತು ಅಂತಲೋ ತಿರುಗಿ ಬರದ ಗಿರಾಕಿಯನ್ನು ಅವರು ಕಂಡೇ ಇರಲಿಲ್ಲ.

ಇನ್ನು ಅವರ ಅಕ್ಕ. ಅತ್ತೆಗಿಂತ ಒಂಬತ್ತು ವರ್ಷ ದೊಡ್ಡವರು, ಹೈಸ್ಕೂಲಿನಲ್ಲಿ ಮೂವತ್ತೈದು ವರ್ಷ ಪಾಠ ಮಾಡಿದವರು. ಇಡೀ ಬೀದಿಗೆ ಟೀಚರಮ್ಮ. ನನಗೆ ವರಸೆಯಲ್ಲಿ ದೊಡ್ಡಮ್ಮ. ಮದುವೆ ಮಾಡಿಕೊಳ್ಳಲಿಲ್ಲ, ಪುಸ್ತಕ ಕೊಂಡುಕೊಂಡರು. ತಾಯಿ ಬೇಗ ಹೋದದ್ದರಿಂದ ತಂಗಿಯನ್ನು ಸಾಕಿದ್ದೂ ಇವರೇ, ಅನ್ನ ಹಾಕಿದ್ದೂ ಇವರೇ, ಅದನ್ನು ದಿನಕ್ಕೆರಡು ಸಲ ಎತ್ತಿ ಆಡಿದ್ದೂ ಇವರೇ. ತಂಗಿಯನ್ನು ಅವರು ಕರೆಯುತ್ತಿದ್ದುದು ‘ದಡ್ಡಿ’ ಅಂತ. ಸಿಟ್ಟು ಬಂದಾಗ ಅಲ್ಲ, ಯಾವಾಗಲೂ. ‘ದಡ್ಡಿ, ನೀರು ಕೊಡು.’ ‘ದಡ್ಡಿ, ಬಾಗಿಲು ಹಾಕು.’ ಎಂಟನೆಯ ತರಗತಿಯಲ್ಲಿ ಅತ್ತೆ ಇವರದೇ ಕ್ಲಾಸಿನಲ್ಲಿ ಕೂತಿದ್ದರಂತೆ. ಪರೀಕ್ಷೆಯಾದ ಮೇಲೆ ತಂಗಿಯ ಉತ್ತರಪತ್ರಿಕೆಯನ್ನು ಟೀಚರಮ್ಮ ಕ್ಲಾಸಿನ ಮುಂದೆ ಗಟ್ಟಿಯಾಗಿ ಓದಿದರಂತೆ, ಒಂದೊಂದು ತಪ್ಪಿಗೂ ನಿಲ್ಲಿಸಿ, ಐವತ್ತು ಹುಡುಗಿಯರು ನಕ್ಕು ಮುಗಿಸುವವರೆಗೂ ಕಾದು, ಮುಂದಿನ ಸಾಲು. ಆಮೇಲೆ ಫೇಲು ಮಾಡಿದರು. ಅತ್ತೆ ಮತ್ತೆ ಶಾಲೆಗೆ ಹೋಗಲಿಲ್ಲ. ಇದನ್ನು ನನಗೆ ಹೇಳಿದವರು ಟೀಚರಮ್ಮನೇ, ಊಟದ ಮೇಜಿನಲ್ಲಿ, ನಗುತ್ತಾ. ಅತ್ತೆಯೂ ನಕ್ಕರು.

ನನಗೂ ಅವರಿಂದ ಬೇಕಾದಷ್ಟು ಸಿಕ್ಕಿತ್ತು. ನನ್ನನ್ನು ಮೊದಲ ಸಲ ನೋಡಿದಾಗ, ‘ಮುಖ ಸುಮಾರು. ಮಾತಾಡಿದ್ರೆ ಅದೂ ಇಲ್ಲ’ ಅಂದಿದ್ದರು. ನನ್ನ ಗಂಡ ಅದನ್ನು ತಮಾಷೆ ಅಂದುಕೊಂಡ.

ಟೀಚರಮ್ಮ ತಮ್ಮ ಬಾಡಿಗೆ ಮನೆಯ ಮೆಟ್ಟಿಲಿನಲ್ಲಿ ಬಿದ್ದು ಎರಡೂ ಮಣಿಕಟ್ಟು ಮುರಿದುಕೊಂಡಾಗ ಅವರಿಗೆ ಎಪ್ಪತ್ತೆಂಟು. ಅತ್ತೆ ಒಂದೇ ಮಾತಿಗೆ ಹೋಗಿ ಕರೆದುಕೊಂಡು ಬಂದರು. ಅವರ ಜತೆಗೆ ಪುಸ್ತಕದ ಬೀರುವೂ ಬಂತು. ಮುನ್ನೂರ ಹನ್ನೆರಡು ಪುಸ್ತಕ. ಹಿಂದಿನ ಕೋಣೆಯಲ್ಲಿ ಮಂಚ, ಕಿಟಕಿಯ ಪಕ್ಕ ಕುರ್ಚಿ, ಕುರ್ಚಿಯ ಎದುರಿಗೆ ಬೀರು. ಸಾಯುವುದರೊಳಗೆ ಅಷ್ಟನ್ನೂ ಇನ್ನೊಮ್ಮೆ ಓದಿ ಮುಗಿಸಬೇಕು ಅನ್ನುವುದು ಅವರ ಹಟ. ಓದಿದ ಪ್ರತಿಯೊಂದಕ್ಕೂ ಒಂದು ನೋಟುಬುಕ್ಕಿನಲ್ಲಿ ಒಂದೇ ಸಾಲಿನ ತೀರ್ಪು ಬರೆಯುವರು. ಬೀಳುವ ಹೊತ್ತಿಗೆ ತೊಂಬತ್ತೊಂದನೆಯದರಲ್ಲಿದ್ದರು. ಆ ನೋಟುಬುಕ್ಕಿನಲ್ಲಿ ‘ಚೆನ್ನಾಗಿದೆ’ ಅನ್ನುವ ಮಾತು ಎರಡೇ ಕಡೆ ಇತ್ತು, ನಾನು ನೋಡಿದ್ದೇನೆ.

ಕಟ್ಟು ಬಿಚ್ಚಿದ ಮೇಲೂ ಕೈಗೆ ಬಲ ಬರಲಿಲ್ಲ. ಎರಡು ಪುಟಕ್ಕೆ ಪುಸ್ತಕ ಕೆಳಗೆ ಬೀಳುತ್ತಿತ್ತು. ಮನೆಯ ಮುಂದಿನ ಕೋಣೆಯಲ್ಲಿ ಊರಿಗೆಲ್ಲ ಓದುದಿಂಬು ತಯಾರಾಗುತ್ತಿದೆ, ಹಿಂದಿನ ಕೋಣೆಯಲ್ಲಿ ಇವರು ಬಿದ್ದ ಪುಸ್ತಕವನ್ನು ಕಾಲಿನಿಂದ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದಾರೆ.

‘ಒಂದು ಹೊಲಿದುಕೊಡ್ತೀನಿ ಅಕ್ಕ’ ಅಂದರು ಅತ್ತೆ.

‘ಅದು ಮುದುಕರಿಗೆ’ ಅಂದರು ಟೀಚರಮ್ಮ.

ಅತ್ತೆ ಬಿಡಲಿಲ್ಲ. ಅಕ್ಕ ಓದುವಾಗ ಎರಡು ದಿನ ಬಾಗಿಲ ಸಂದಿಯಲ್ಲಿ ನಿಂತರು. ಟೀಚರಮ್ಮ ಯಾರೇ ಬಂದರೂ ಕೋಲಿನ ಹಾಗೆ ನೆಟ್ಟಗಾಗುವವರು, ಒಬ್ಬರೇ ಇದ್ದಾಗ ಮಾತ್ರ ಬಾಗುತ್ತಿದ್ದರು. ಮೊಣಕೈ ಎಲ್ಲಿಗೆ ಬರುತ್ತದೆ, ಗದ್ದ ಎಲ್ಲಿಗೆ ಇಳಿಯುತ್ತದೆ ಅಂತ ಅತ್ತೆ ಕುರ್ಚಿಯ ಬೆನ್ನಿನ ಪಟ್ಟಿಗಳನ್ನು ಲೆಕ್ಕ ಹಾಕಿ ಮನಸ್ಸಿನಲ್ಲೇ ಗುರುತು ಮಾಡಿಕೊಂಡು, ಆಮೇಲೆ ಖಾಲಿ ಕುರ್ಚಿಗೆ ಟೇಪು ಹಿಡಿದರು. ಬೂದುಬಣ್ಣದ ಮೆತ್ತನೆಯ ಬಟ್ಟೆ, ಅಂಚಿಗೆ ಕಡುನೀಲಿ. ಮೂರು ಸಲ ತುಂಬಿ ಮೂರು ಸಲ ತೆಗೆದರು. ಅಷ್ಟು ಒದ್ದಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

‘ಇಷ್ಟ್ಯಾಕೆ ಅತ್ತೆ?’ ಅಂದೆ.

ಪಿನ್ನನ್ನು ಬಾಯಿಂದ ತೆಗೆದು ಹೇಳಿದರು, ‘ಒಂದೇ ಒಂದ್ಸಲ ಚೆನ್ನಾಗಿದೆ ಅಂದ್ಬಿಡ್ಲಿ ಕಣೇ. ನಂಗೆ ಅರವತ್ತೊಂಬತ್ತಾಯ್ತು. ಇನ್ಯಾವಾಗ ಅಂತಾಳೆ?’

ದಿಂಬನ್ನು ಕೊಟ್ಟಾಗ ಟೀಚರಮ್ಮ ಮೂಗು ಮುರಿದರು, ‘ಅಲ್ಲಿಡು’ ಅಂದರು. ಸಂಜೆ ಹೋಗಿ ನೋಡಿದರೆ ಅದು ತೊಡೆಯ ಮೇಲಿತ್ತು. ಮರುದಿನವೂ. ಒಂದು ವಾರದಲ್ಲಿ ನಾಲ್ಕು ಪುಸ್ತಕ ಮುಗಿದವು. ಬೆಳಿಗ್ಗೆ ಕೂತವರು ಊಟಕ್ಕೆ ಕರೆದರೆ ಗದರುತ್ತಿದ್ದರು. ಅತ್ತೆ ದಿನಕ್ಕೆ ಹತ್ತು ಸಲ ಯಾವುದೋ ನೆಪ ಮಾಡಿಕೊಂಡು ಆ ಕೋಣೆಗೆ ಹೋಗಿ ಬರುವರು. ಟೀಚರಮ್ಮ ತುಟಿ ಪಿಟಕ್ಕೆನ್ನಲಿಲ್ಲ.

ಒಂದು ಬುಧವಾರ ಟೀಚರಮ್ಮನ ಹಳೆಯ ಶಿಷ್ಯೆಯರು ಮೂವರು ನೋಡಲು ಬಂದರು. ಮೂವರೂ ಈಗ ದೊಡ್ಡ ದೊಡ್ಡ ಕೆಲಸದಲ್ಲಿದ್ದವರು. ಅವರಲ್ಲೊಬ್ಬಳು ದಿಂಬನ್ನು ಎತ್ತಿ, ತಿರುಗಿಸಿ, ‘ಎಷ್ಟು ನೀಟಾಗಿದೆ ಮಿಸ್! ಎಲ್ಲಿ ಸಿಕ್ತು?’ ಅಂದಳು. ಅತ್ತೆ ಚಹಾದ ಟ್ರೇ ಹಿಡಿದು ಬಾಗಿಲಲ್ಲಿದ್ದರು. ನಾನು ಬಿಸ್ಕತ್ತಿನ ತಟ್ಟೆ ಹಿಡಿದು ಅವರ ಹಿಂದೆ. ಅತ್ತೆಯ ಕಿವಿ ನೆಟ್ಟಗಾದದ್ದು ನನಗೆ ಹಿಂದಿನಿಂದಲೇ ಕಂಡಿತು.

‘ಹೊರದೇಶದ್ದು’ ಅಂದರು ಟೀಚರಮ್ಮ. ‘ದೊಡ್ಡ ಅಂಗಡಿಯಿಂದ ತರಿಸಿದೆ. ನಮ್ಮವಳೂ ಏನೋ ಹೊಲೀತಾಳೆ ಬಿಡಿ, ಮುದುಕರಿಗೆ ಮೂಟೆ.’

ಮೂವರೂ ನಕ್ಕರು. ಆ ಶಿಷ್ಯೆ ದಿಂಬನ್ನು ಅತ್ತೆಯ ಕಡೆ ಚಾಚಿ, ‘ನೋಡಿ ಆಂಟಿ, ಫಿನಿಶಿಂಗ್ ಅಂದ್ರೆ ಹೀಗಿರ್ಬೇಕು. ಇದನ್ನ ನೋಡಿಕೊಂಡು ಹೊಲೀರಿ’ ಅಂದಳು. ಅವಳಿಗೆ ಕೆಟ್ಟ ಮನಸ್ಸೇನೂ ಇರಲಿಲ್ಲ, ನಿಜವಾಗಿಯೂ ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದಳು. ಅತ್ತೆ ತಾವೇ ಹೊಲಿದ ಅಂಚನ್ನು ಬಗ್ಗಿ ನೋಡಿ, ‘ಹೌದಮ್ಮ, ಚೆನ್ನಾಗಿದೆ’ ಅಂದು ಎಲ್ಲರಿಗೂ ಚಹಾ ಕೊಟ್ಟರು. ನನಗೆ ಆ ಟ್ರೇಯನ್ನು ಕಿತ್ತುಕೊಂಡು ಟೀಚರಮ್ಮನ ತಲೆಯ ಮೇಲೆ ಕುಕ್ಕುವಷ್ಟು ಕೋಪ ಬಂತು. ಬಿಸ್ಕತ್ತು ಹಂಚಿದೆ.

ಮರುದಿನ ಗುರುವಾರ. ಗುರುವಾರ ಬೆಳಿಗ್ಗೆ ನನ್ನ ಗಂಡ ಟೀಚರಮ್ಮನನ್ನು ಕೈಯ ವ್ಯಾಯಾಮಕ್ಕೆ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದ. ಹೋಗಿ ಬರಲು ಎರಡು ಗಂಟೆ. ಆ ಹೊತ್ತಿನಲ್ಲಿ ಅತ್ತೆ ದಿಂಬನ್ನು ಮುಂದಿನ ಕೋಣೆಗೆ ತಂದು, ಅಡಿಯ ಹೊಲಿಗೆಯನ್ನು ನಾಲ್ಕಂಗುಲ ಬಿಚ್ಚಿ, ಒಂದು ಹಿಡಿ ತೆಗೆದು, ಮತ್ತೆ ಹೊಲಿದು, ಇದ್ದ ಕಡೆಯೇ ಇಟ್ಟರು. ಆವತ್ತು ನಾನು ನೋಡಲಿಲ್ಲ. ಮುಂದಿನ ಗುರುವಾರವೂ ನೋಡಲಿಲ್ಲ. ಮೂರನೆಯ ಗುರುವಾರ ನೂಲು ಹುಡುಕಲು ಒಳಗೆ ಬಂದವಳು ನೋಡಿದೆ. ಅತ್ತೆಯ ಮುಷ್ಟಿಯಲ್ಲಿ ಸ್ಪಂಜಿನ ಚೂರು, ಬೆರಳ ಸಂದಿಯಿಂದ ಬಿಳಿ ಗುಂಡುಗಳು ಉದುರುತ್ತಿದ್ದವು. ಕಪಾಟಿನ ಕೆಳಗಿನ ಅರೆಯಲ್ಲಿ ಒಂದು ಚೀಲ, ಅದರಲ್ಲಿ ಆಗಲೇ ಎರಡು ಹಿಡಿ.

‘ಏನತ್ತೆ ಇದು?’

‘ನಿನ್ನ ಕೆಲಸ ನೋಡು’ ಅಂದರು. ಅತ್ತೆ ಅಂಥ ದನಿಯಲ್ಲಿ ನನ್ನೊಡನೆ ಮಾತಾಡಿದ್ದೇ ಇರಲಿಲ್ಲ. ಹೊಲಿದು ದಾರ ಕಡಿದ ಮೇಲೆ ತಾವೇ ಹೇಳಿದರು, ‘ಕೇಳ್ಲಿ. ನೋಡೇ, ಇದು ತಗ್ಗಾಗಿದೆ, ಸರಿ ಮಾಡಿಕೊಡು ಅಂತ ಬಾಯಿಬಿಟ್ಟು ಕೇಳ್ಲಿ. ಆ ನಿಮಿಷವೇ ತುಂಬಿಕೊಡ್ತೀನಿ. ಹೊಲಿದೋಳು ಯಾರು ಅಂತ ಒಪ್ಪಿಕೊಳ್ಳದೆ ಎಲ್ಲಿಗೆ ಹೋಗ್ತಾಳೆ?’

ನನಗೆ ಅದು ಸರಿ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ಮಜಾ ಅನ್ನಿಸಿತು. ಅವರ ಕೊಬ್ಬು ಒಂದು ಹಿಡಿಯಷ್ಟು ಇಳಿಯಲಿ ಅಂತ ನಾನೂ ಕಾದೆ.

ದಿಂಬು ತಗ್ಗಾದರೆ ಏನಾಗುತ್ತದೆ ಅಂತ ನಮ್ಮಿಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಪುಸ್ತಕ ಕೆಳಗಿಳಿಯುತ್ತದೆ. ಅಕ್ಷರ ಕನ್ನಡಕಕ್ಕೆ ಹೊಂದುವ ದೂರ ದಾಟಿ ಮಸುಕಾಗುತ್ತದೆ. ಅದನ್ನು ಹಿಡಿಯಲು ಕತ್ತು ಬಗ್ಗುತ್ತದೆ, ಬಗ್ಗಿದ ಕತ್ತು ನೋಯುತ್ತದೆ, ನೋವಿಗೆ ಭುಜ ಬಿಗಿಯುತ್ತದೆ, ಆಮೇಲೆ ತಲೆನೋವು. ವಾರಕ್ಕೆ ಒಂದು ಹಿಡಿ ಅಂದರೆ ಬೆರಳಿನ ದಪ್ಪದಷ್ಟೂ ಇಳಿಯುವುದಿಲ್ಲ. ಕೂತವರಿಗೆ ತಿಳಿಯುವುದೇ ಇಲ್ಲ. ದಿಂಬು ಇದ್ದ ಹಾಗೇ ಇದೆ, ತಾನೇ ದಿನದಿನಕ್ಕೆ ಕುಗ್ಗುತ್ತಿದ್ದೇನೆ ಅನ್ನಿಸುತ್ತದೆ.

ಐದನೆಯ ವಾರ ಟೀಚರಮ್ಮ ಕಿಟಕಿಯ ಪಕ್ಕದ ಬಲ್ಬು ಬದಲಾಯಿಸಲು ಹೇಳಿದರು. ಏಳನೆಯ ವಾರ ಕಣ್ಣು ತೋರಿಸಿಕೊಂಡು ಬಂದರು. ನಂಬರಿನಲ್ಲಿ ಏನೂ ವ್ಯತ್ಯಾಸವಿಲ್ಲ ಅಂದನಂತೆ ಕನ್ನಡಕದವನು. ‘ಅವನಿಗೆ ಏನೂ ಬರಲ್ಲ’ ಅಂತ ದಾರಿಯುದ್ದಕ್ಕೂ ಬೈದರಂತೆ. ಹಟ ಮಾಡಿ ಹೊಸ ಕನ್ನಡಕ ಮಾಡಿಸಿಕೊಂಡರು, ಅದರಲ್ಲೂ ಮಸುಕೇ. ಎಂಟನೆಯ ವಾರ ಕತ್ತಿಗೆ ಬೆಲ್ಟು ಬಂತು. ದಿಂಬಿನ ಬಗ್ಗೆ ಮಾತಿಲ್ಲ. ಹೊರದೇಶದ್ದು ಅಂದಾಗಿತ್ತಲ್ಲ. ಈಗ ತಂಗಿಯನ್ನು ಕರೆದು ಸರಿ ಮಾಡು ಅನ್ನುವುದು ಹೇಗೆ? ಅವರಿಗೆ ಅವರ ಬಾಯೇ ಅಡ್ಡ ಕೂತಿದೆ ಅಂದುಕೊಂಡೆವು ನಾವು.

ಅತ್ತೆ ಪ್ರತಿದಿನ ಬೆಳಿಗ್ಗೆ ಅವರ ಕೋಣೆಗೆ ಚಹಾ ತೆಗೆದುಕೊಂಡು ಹೋಗಿ ಕೇಳುವರು, ‘ಓದೋಕೆ ಎಲ್ಲ ಸರಿಯಾಗಿದೆಯಾ ಅಕ್ಕ?’

‘ನನಗೇನಾಗಿದೆ?’ ಅನ್ನುವರು ಟೀಚರಮ್ಮ, ಬೆಲ್ಟಿನೊಳಗಿಂದ.

ಹೊರಗೆ ಬಂದು ಅತ್ತೆ ನನ್ನ ಮುಖ ನೋಡುವರು. ನಾನು ಅವರ ಮುಖ ನೋಡುವೆ. ಗುರುವಾರ ಬರುತ್ತಿತ್ತು.

ಹತ್ತನೆಯ ಗುರುವಾರ ಅತ್ತೆಗೆ ಜ್ವರ. ಎದ್ದು ಕೂರಲಾಗದೆ ಮಲಗಿದ್ದರು. ನನಗೆ ಏನೂ ಹೇಳಲಿಲ್ಲ, ಹಿಂದಿನ ಕೋಣೆಯ ಕಡೆ ಒಂದು ಸಲ ನೋಡಿ ಕಣ್ಣು ಮುಚ್ಚಿಕೊಂಡರು, ಅಷ್ಟೇ. ನಾನು ಹೋಗಿ ದಿಂಬು ತಂದೆ. ಬಿಚ್ಚಿದೆ. ಕೈ ಹಾಕಿದೆ. ನನ್ನ ಕೈ ಅತ್ತೆಯ ಕೈಗಿಂತ ದೊಡ್ಡದು, ಹಿಡಿಯೂ ದೊಡ್ಡದೇ ಬಂತು. ಮಾತಾಡಿದರೆ ಅದೂ ಇಲ್ಲ ಅಂದಿದ್ದಿರಲ್ಲ, ತಗೊಳ್ಳಿ ಅಂದುಕೊಂಡೆ. ಹೊಲಿಗೆ ಚೆನ್ನಾಗಿ ಬರದೆ ಎರಡು ಸಲ ಬಿಚ್ಚಿ ಹಾಕಿದೆ. ಆಮೇಲೆ ಚೀಲದ ಬಾಯಿ ಕಟ್ಟಿಟ್ಟು ಅತ್ತೆಗೆ ಗಂಜಿ ಬಿಸಿ ಮಾಡಿಕೊಟ್ಟೆ.

ಅದಾದ ಮೇಲೆ ಟೀಚರಮ್ಮ ಬೇಗ ಬೇಗ ಇಳಿದರು. ದಿನಕ್ಕೆ ಆರು ಗಂಟೆ ಓದುತ್ತಿದ್ದವರು ಒಂದು ಗಂಟೆಗೆ ಬಂದರು, ಆಮೇಲೆ ಅರ್ಧ ಗಂಟೆಗೆ. ಒಂದು ದಿನ ನಾನು ಕೋಣೆಗೆ ಹೋದಾಗ ಒಂದೇ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಕೂತಿದ್ದರು. ನನ್ನನ್ನು ಕಂಡು ನೆಟ್ಟಗಾಗಲಿಲ್ಲ. ‘ಈ ಸಾಲು ಆಗಲಿಂದ ಓದ್ತಾ ಇದ್ದೀನಿ. ತಲೆಗೆ ಹೋಗ್ತಾ ಇಲ್ಲ’ ಅಂದರು. ನನ್ನೊಡನೆ ಅವರು ಮನುಷ್ಯರ ಹಾಗೆ ಮಾತಾಡಿದ್ದು ಅದೇ ಮೊದಲು. ಅತ್ತೆಗೆ ಹೋಗಿ ಹೇಳಿದೆ. ‘ಸಾಕು ಅತ್ತೆ, ತುಂಬಿಬಿಡಿ’ ಅಂದೆ.

‘ಇನ್ನೇನು, ಕೇಳ್ತಾಳೆ’ ಅಂದರು ಅತ್ತೆ. ಅತ್ತೆಯೇ ಸರಿಯಾಗಿ ಊಟ ಮಾಡಿ ಎಷ್ಟು ದಿನವಾಗಿತ್ತೋ, ಕೈಯ ಮೂಳೆ ಎದ್ದು ಕಾಣುತ್ತಿತ್ತು. ‘ಹೊಂದದಿದ್ದ ಮೇಲೆ ಬರಲೇಬೇಕಲ್ಲ. ಬರದೆ ಇರ್ತಾರಾ ಯಾರಾದ್ರೂ?’

ಹದಿನಾರನೆಯ ಗುರುವಾರ ಕಳೆದ ಮೇಲಿನ ಸೋಮವಾರ ನಾವಿಬ್ಬರೂ ಬಟ್ಟೆ ತರಲು ಪೇಟೆಗೆ ಹೋಗಿದ್ದೆವು. ಸಂಜೆ ಬಂದು ನೋಡಿದರೆ ಹಿಂದಿನ ಕೋಣೆಯ ಬೀರು ಬಾಗಿಲು ತೆರೆದುಕೊಂಡು ನಿಂತಿತ್ತು. ಒಂದು ಪುಸ್ತಕವೂ ಇರಲಿಲ್ಲ. ಅರೆಗಳ ಮೇಲೆ ಧೂಳಿನಲ್ಲಿ ಪುಸ್ತಕಗಳು ಕೂತಿದ್ದ ಗುರುತು ಮಾತ್ರ ಇತ್ತು. ಟೀಚರಮ್ಮ ಕುರ್ಚಿಯಲ್ಲಿದ್ದರು.

‘ರದ್ದಿಯವನು ಬಂದಿದ್ದ. ಕೊಟ್ಟುಬಿಟ್ಟೆ’ ಅಂದರು. ‘ಓದೋಕೆ ಆಗದವಳು ಎದುರಿಗೆ ಇಟ್ಟುಕೊಂಡು ಏನು ನೋಡ್ಲಿ?’

ಅತ್ತೆಯ ಕೈಯಿಂದ ಬಟ್ಟೆಯ ಗಂಟು ಕೆಳಗೆ ಬಿತ್ತು.

‘ಇದನ್ನ ತಗೊಂಡು ಹೋಗು’ ಅಂತ ಟೀಚರಮ್ಮ ದಿಂಬನ್ನು ಮುಂದೆ ಮಾಡಿದರು. ‘ಯಾರಾದ್ರೂ ಓದೋರಿಗೆ ಕೊಡು. ದಿಂಬಿನಲ್ಲಿ ತಪ್ಪಿಲ್ಲ. ನಂದೇ ಎಲ್ಲ ಮುಗೀತು.’

ಅತ್ತೆ ಆ ದಿಂಬನ್ನು ಹಿಡಿದುಕೊಂಡೇ ಬೀದಿಗೆ ಓಡಿದರು. ನಾನು ಹಿಂದೆ ಓಡಿದೆ. ರದ್ದಿ ಅಂಗಡಿ ಮೂರು ಬೀದಿ ಆಚೆ. ಅಷ್ಟು ದೂರ ಅತ್ತೆ ಓಡಿದ್ದನ್ನು ನಾನು ಅದುವರೆಗೂ ಕಂಡಿರಲಿಲ್ಲ, ನಿಲ್ಲಿ ಅಂದರೂ ನಿಲ್ಲಲಿಲ್ಲ. ರದ್ದಿಯವನು ಬಾಗಿಲಲ್ಲೇ ಕೂತಿದ್ದ. ಮಧ್ಯಾಹ್ನದ ಲಾರಿಯಲ್ಲಿ ಎಲ್ಲವೂ ಕಾಗದದ ಕಾರ್ಖಾನೆಗೆ ಹೋಯಿತು ಅಂದ. ರಟ್ಟು ಬೇರೆ, ಹಾಳೆ ಬೇರೆ ಮಾಡಿ ಹರಿದು ಕಳಿಸಿದೆವು ಅಂದ. ಅತ್ತೆ ಅವನ ಅಂಗಡಿಯ ಮೂಲೆಮೂಲೆ ಕೆದಕಿದರು. ಕೊನೆಗೆ ತಕ್ಕಡಿಯ ಒಂದು ಕಾಲು ಅಲ್ಲಾಡದಂತೆ ಅಡಿಗೆ ಕೊಟ್ಟಿದ್ದ ಒಂದು ಪುಸ್ತಕ ಸಿಕ್ಕಿತು. ಯಾವುದೋ ಪ್ರವಾಸದ ಕಥೆ, ಒಳಗೆ ಟೀಚರಮ್ಮನ ಸಹಿ. ಮುನ್ನೂರ ಹನ್ನೆರಡರಲ್ಲಿ ಅದೊಂದು.

ಮನೆಗೆ ಬಂದು ಅತ್ತೆ ಚೀಲ ತೆಗೆದರು. ಅಡಿ ಬಿಚ್ಚಿ, ಇದ್ದಷ್ಟನ್ನೂ ತುಂಬಿದರು. ಸೂಜಿಗೆ ದಾರ ಹೋಗಲಿಲ್ಲ, ಪೋಣಿಸಿಕೊಟ್ಟವಳು ನಾನು. ಆದರೂ ಹೊಲಿಗೆ ಮಾತ್ರ ಎಂದಿನ ಹಾಗೇ ಬಂತು. ಆಮೇಲೆ ಹಿಂದಿನ ಕೋಣೆಗೆ ಹೋಗಿ, ಏನೂ ಹೇಳದೆ ದಿಂಬನ್ನು ಅಕ್ಕನ ತೊಡೆಯ ಮೇಲಿಟ್ಟು, ಪುಸ್ತಕವನ್ನು ಅಂಚಿನ ಮೇಲೆ ಕೂರಿಸಿ, ಮಧ್ಯದಲ್ಲೆಲ್ಲೋ ತೆರೆದು, ಎಲಾಸ್ಟಿಕ್ ಪಟ್ಟಿ ಹಾಕಿದರು.

‘ಬೇಡ ಅಂದ್ನಲ್ಲ’ ಅಂದರು ಟೀಚರಮ್ಮ. ಆದರೆ ಕಣ್ಣು ಆಗಲೇ ಹಾಳೆಯ ಮೇಲೆ ಬಿದ್ದಿತ್ತು.

ಒಂದು ಸಾಲು ಓದಿದರು. ಎರಡು. ಪುಟ ಮುಗಿಸಿ ತಿರುವಿದರು. ಕತ್ತಿನ ಬೆಲ್ಟನ್ನು ಬಿಚ್ಚಿ ಪಕ್ಕಕ್ಕಿಟ್ಟು ಇನ್ನೊಂದು ಪುಟ ಓದಿದರು. ಮುಖದ ಗಂಟು ಸಡಿಲವಾಯಿತು, ಒಂದು ಕಡೆ ಸಣ್ಣಗೆ ನಕ್ಕರು ಕೂಡ. ನಾಲ್ಕನೆಯ ಪುಟದ ಅರ್ಧದಲ್ಲಿ ನಿಲ್ಲಿಸಿದರು. ಪುಸ್ತಕವನ್ನು ಮುಚ್ಚಿ ಪಕ್ಕಕ್ಕಿಟ್ಟು ದಿಂಬನ್ನು ಅಂಗೈಯಿಂದ ಒತ್ತಿದರು. ಇನ್ನೊಮ್ಮೆ ಒತ್ತಿದರು. ಕಾಪಿ ಹೊಡೆಯುವ ಹುಡುಗಿಯರನ್ನು ಮೂವತ್ತೈದು ವರ್ಷ ಹಿಡಿದವರು ಅವರು, ಅವರಿಗೆ ವಿವರಿಸಿ ಹೇಳಬೇಕಾಗಿರಲಿಲ್ಲ. ತಲೆಯೆತ್ತಿ ತಂಗಿಯನ್ನು ನೋಡಿದರು.

‘ಎಷ್ಟು?’ ಅಂದರು.

‘ಹದಿನಾರು ಹಿಡಿ’ ಅಂದರು ಅತ್ತೆ.

‘ಯಾವತ್ತಿನಿಂದ?’

‘ಆ ಹುಡುಗಿಯರು ಬಂದುಹೋದ ಮಾರನೇ ದಿನದಿಂದ.’

ಹದಿನಾರರಲ್ಲಿ ಒಂದು ನನ್ನದು. ನಾನು ಬಾಗಿಲಲ್ಲೇ ನಿಂತಿದ್ದೆ. ಹೇಳಲಿಲ್ಲ. ಅತ್ತೆಯೂ ನನ್ನ ಕಡೆ ತಿರುಗಲಿಲ್ಲ.

ಟೀಚರಮ್ಮ ಬೈಯುತ್ತಾರೆ, ಕಿರುಚುತ್ತಾರೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾರೆ ಅಂತ ನಾನು ಕಾದೆ. ಅವರು ದಿಂಬನ್ನು ತಲೆಕೆಳಗು ಮಾಡಿ, ಅಡಿಯ ಹೊಲಿಗೆಯ ಮೇಲೆ ಹೆಬ್ಬೆರಳನ್ನು ಈ ತುದಿಯಿಂದ ಆ ತುದಿಗೆ ಎಳೆದರು. ಕನ್ನಡಕ ಸರಿ ಮಾಡಿಕೊಂಡು ಹತ್ತಿರಕ್ಕೆ ತಂದು ನೋಡಿದರು. ಪರೀಕ್ಷೆಯ ಪೇಪರು ನೋಡುವಾಗಲೂ ಹೀಗೇ ನೋಡುತ್ತಿದ್ದರೇನೋ.

‘ಚೆನ್ನಾಗಿದೆ’ ಅಂದರು. ‘ಹದಿನಾರು ಸಲ ಬಿಚ್ಚಿದ್ದೀಯ. ಒಂದ್ಸಲವೂ ನಂಗೆ ಗೊತ್ತಾಗಲಿಲ್ಲ. ಇಷ್ಟು ಚೆನ್ನಾಗಿ ಹೊಲಿಯೋರನ್ನ ನಾನು ನೋಡಿಲ್ಲ.’

ಆ ಮಾತಿನಲ್ಲಿ ಕುಟುಕಿರಲಿಲ್ಲ. ಅವರು ತೀರ್ಪು ಹೇಳಿದ್ದರು, ತೀರ್ಪಿನಲ್ಲಿ ಅವರು ಯಾವತ್ತೂ ಸುಳ್ಳು ಹೇಳಿದವರಲ್ಲ. ದಿಂಬನ್ನೂ ಪುಸ್ತಕವನ್ನೂ ತಂಗಿಯ ಕೈಗೆ ಕೊಟ್ಟು, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸು ಅಂತ ನನಗೆ ಹೇಳಿದರು. ತಿರುಗಿಸಿದೆ.

ಅತ್ತೆ ಎರಡನ್ನೂ ಎದೆಗೆ ಒತ್ತಿಕೊಂಡು ಅಲ್ಲೇ ನಿಂತರು. ಬಾಯಲ್ಲಿ ಪಿನ್ನಿರಲಿಲ್ಲ. ಜನ್ಮವಿಡೀ ಕಾದಿದ್ದ ಮಾತು ಕೊನೆಗೂ ಕಿವಿಗೆ ಬಿದ್ದಿತ್ತು. ಇನ್ನೊಂದು ಸಲ ಅದನ್ನು ಕೇಳಿಸಿಕೊಳ್ಳಬೇಕಾಗಿ ಬರಬಾರದು ಅನ್ನುವ ಹಾಗೆ ಅವರು ಅಕ್ಕನ ಬೆನ್ನನ್ನೇ ನೋಡುತ್ತಿದ್ದರು.